ಸೌರಫಲಕದ ಜಗಳ ಕಲಿಸುವ ಪಾಠ



ನಮ್ಮ ಜಿಲ್ಲೆಯ ಸೂಲಿಬೆಲೆ, ದಾಬಸ್‌ಪೇಟೆಗಳಲ್ಲೇ ಇಂದು ಸೌರಫಲಕಗಳು ತಯಾರಾಗುತ್ತಿವೆ. ಫಲಕದ ಸೆಲ್‌ಗಳ ಹಿಂಬದಿಗೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೇಪ ಕೊಟ್ಟರೆ ವಿದ್ಯುತ್ ನಷ್ಟ ತಗ್ಗುತ್ತದೆ. ಇಂಥ ಲೇಪದ ಪೇಟೆಂಟ್ ತನ್ನದೆಂದು ಕೊರಿಯಾದ ಹನ್ವಾ ಕ್ಯೂ ಸೆಲ್ಸ್ ಕಂಪನಿ 2019ರಲ್ಲಿ ಜಿಂಕೋ, ಲಾಂಗಿ, ಆರ್‌ಇಸಿ ಕಂಪನಿಗಳ ಮೇಲೆ ದಾವೆ ಹೂಡಿತು. 2020ರ ಜೂನ್‌ನಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಉಲ್ಲಂಘನೆ ಆಗಿಲ್ಲ ಎಂದಿತು. ಅದೇ ತಿಂಗಳು ಜರ್ಮನಿಯ ಡ್ಯುಸೆಲ್‌ಡಾರ್ಫ್ ನ್ಯಾಯಾಲಯ ಆಗಿದೆ ಎಂದಿತು!

ಏಕೆಂದರೆ ಪೇಟೆಂಟ್ ಆಯಾ ದೇಶ ಕೊಡುವ ಹಕ್ಕು. ಅದರಲ್ಲಿ ಬರೆದ ಒಂದೊಂದು ಪದವನ್ನೂ ಅಲ್ಲಿನವರು ತೂಗಿ ನೋಡುತ್ತಾರೆ.

ಮಕ್ಕಳೇ, ನಿಮಗೆ ಹೊಸದೇನಾದರೂ ಹೊಳೆದರೆ ದಿನಾಂಕ ಹಾಕಿ, ಸ್ಪಷ್ಟವಾಗಿ ಬರೆದಿಡಿ. ಹತ್ತು ಜನರಿಗೆ ತೋರಿಸುವ ಮೊದಲೇ ಅರ್ಜಿ ಹಾಕಿ. ನಮ್ಮ ರಾಜ್ಯದವರಿಗೆ ಚೆನ್ನೈನಲ್ಲಿ ಪೇಟೆಂಟ್ ಕಚೇರಿಯಿದೆ. ಹಕ್ಕು 20 ವರ್ಷ ಮಾತ್ರ, ಆಮೇಲೆ ಅದು ಎಲ್ಲರದು. ಪ್ರಕಟವಾದ ಪೇಟೆಂಟನ್ನು ಓದಿ ಕಲಿಯಲು ಇಂದೇ ಯಾರ ಅಪ್ಪಣೆಯೂ ಬೇಡ.

ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ನನ್ನ ಪ್ರಯೋಗದ ಪುಸ್ತಕವನ್ನು ಪದಪದ ತಿದ್ದುತ್ತಿದ್ದರು. ಆಗ ಬೇಸರವಾಗುತ್ತಿತ್ತು. ಅದರ ಬೆಲೆ ಈಗ ತಿಳಿದಿದೆ.