ಊರಿನ ಪ್ರಶ್ನೆ, ಕಾಲೇಜಿನ ಉತ್ತರ



ಪದವಿ ತರಗತಿಯ ಕೊನೆಯ ವರ್ಷಕ್ಕೆ ಕಾಲಿಟ್ಟೊಡನೆ ನಿಮ್ಮ ಮುಂದೆ ಒಂದು ಶಬ್ದ ಬಂದು ನಿಲ್ಲುತ್ತದೆ. ಅದೇ 'ಪ್ರಾಜೆಕ್ಟ್'. ವಿಷಯ ಯಾವುದು, ಮಾರ್ಗದರ್ಶಕರು ಯಾರು, ಎಷ್ಟು ಪುಟ ಬರೆಯಬೇಕು, ಎಷ್ಟು ಅಂಕ ಬರುತ್ತದೆ ಎಂಬ ಪ್ರಶ್ನೆಗಳೇ ಎಲ್ಲೆಡೆ ಕೇಳಿಬರುತ್ತವೆ. ಈ ಕೆಲಸ ಯಾರಿಗೆ ಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಪರಿಣಾಮವಾಗಿ, ಅಂದವಾಗಿ ರಟ್ಟು ಹಾಕಿದ ವರದಿ ಪರೀಕ್ಷಕರ ಸಹಿ ಪಡೆದು ಗ್ರಂಥಾಲಯದ ಮೂಲೆ ಸೇರುತ್ತದೆ. ಅದು ಅಕ್ಷರಶಃ ಪುಸ್ತಕದ ಬದನೆಕಾಯಿ!

ಹೀಗೇ ಆಗಬೇಕೆಂದೇನೂ ಇಲ್ಲ. ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಒಳ್ಳೆಯ ಪರಂಪರೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಲ್ಲಿ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು. ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಯೋಜನೆಯ ಪ್ರಸ್ತಾವವನ್ನು ಕಳುಹಿಸುತ್ತಾರೆ. ಆಯ್ಕೆಯಾದವುಗಳಿಗೆ ಧನಸಹಾಯ ಸಿಗುತ್ತದೆ. ತಜ್ಞರು ನಡುವೆ ಬಂದು ಕೆಲಸ ನೋಡುತ್ತಾರೆ. ಉತ್ತಮವಾದವು ರಾಜ್ಯಮಟ್ಟದ ವಿಚಾರಗೋಷ್ಠಿ ಮತ್ತು ಪ್ರದರ್ಶನಕ್ಕೆ ಬರುತ್ತವೆ. ಕಿರಿಯರನ್ನೂ ಮರೆತಿಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು, ತಮ್ಮೂರಿನ ಸಮಸ್ಯೆಯನ್ನೇ ಹಿಡಿದು ಗುಂಪಾಗಿ ಅಧ್ಯಯನ ಮಾಡುವುದನ್ನು ಶಾಲಾ ಮಕ್ಕಳಿಗೆ ಕಲಿಸಿತು.

ಇಂಥ ಕೆಲಸ ಹೇಗೆ ನಡೆಯಬೇಕು? ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅದು ಕುಡಿಯುವ ನೀರಿನಲ್ಲಿರುವ ಫ್ಲೋರೈಡ್.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಒಣ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ನೀವು ನೋಡಿರಬಹುದು. ಹಲ್ಲುಜ್ಜದ ಸೋಮಾರಿತನ ಇದಕ್ಕೆ ಕಾರಣವಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ದೇಹ ಸೇರಿದ ಹೆಚ್ಚಿನ ಫ್ಲೋರೈಡ್ ಮಾಡುವ ಹಾನಿ ಇದು. ಇಂಥ ನೀರನ್ನೇ ಬಹುಕಾಲ ಕುಡಿದರೆ ಮೂಳೆ ಮತ್ತು ಕೀಲುಗಳೂ ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ.

ಈ ಕಲೆಯ ಕಥೆಯಲ್ಲಿ ನಿಮಗೊಂದು ಪಾಠವಿದೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಆಗತಾನೇ ಕಾಲೇಜು ಮುಗಿಸಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ. ಅಲ್ಲಿಯವರ ಹಲ್ಲುಗಳೆಲ್ಲ ಹೀಗೆ ಕಂದಾಗಿರುವುದೇಕೆ ಎಂದು ಕೇಳಿದ. ಅವನು ಓದಿದ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಅವನು ಪ್ರಶ್ನೆಯನ್ನು ಬಿಡಲಿಲ್ಲ. ಕೊನೆಗೆ 1931ರಲ್ಲಿ, ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನ ವಿಜ್ಞಾನಿ ಚರ್ಚಿಲ್ ಇಂಥ ಊರುಗಳ ನೀರಿನಲ್ಲಿ ಫ್ಲೋರೈಡ್ ಇರುವುದನ್ನು ಪತ್ತೆ ಮಾಡಿದ. ನೆರೆಹೊರೆಯವರೆಲ್ಲ 'ಇದು ನಮ್ಮೂರಲ್ಲಿ ಹೀಗೇ' ಎಂದು ಸುಮ್ಮನಾಗಿದ್ದನ್ನು ಒಬ್ಬ ತರುಣ 'ಏಕೆ ಹೀಗೆ?' ಎಂದು ಕೇಳಿದ್ದರ ಫಲ ಇದು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಮಾಡಬೇಕಾದದ್ದು ನೀರಿನ ಪರೀಕ್ಷೆಯಲ್ಲ, ಮಾತುಕತೆ. ಊರಿನಲ್ಲಿ ಕೊಳವೆಬಾವಿಗಳು ಎಷ್ಟು? ಯಾವುದರ ನೀರು ಕುಡಿಯಲು, ಯಾವುದರದು ದನಕರುಗಳಿಗೆ? ಬೇಸಿಗೆಯಲ್ಲಿ ಎಲ್ಲಿಂದ ತರುತ್ತಾರೆ? ಇದನ್ನು ನೀರು ಹೊರುವ ಹೆಣ್ಣುಮಕ್ಕಳನ್ನೇ ಕೇಳಬೇಕು. ನಲ್ಲಿ ಇದ್ದರೂ 'ಬೇಳೆ ಬೇಯುವುದಿಲ್ಲ' ಎಂಬ ಕಾರಣಕ್ಕೆ ಅವರು ಬೇರೆ ನೀರು ತರುತ್ತಿರಬಹುದು. ಈ ಸಂಗತಿ ಯಾವ ನಕ್ಷೆಯಲ್ಲೂ ಸಿಗದು.

ಆ ಮೇಲೆ ಮಾದರಿ ಸಂಗ್ರಹ. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಆದ್ದರಿಂದ ಅಳೆಯದೆ ಗತ್ಯಂತರವಿಲ್ಲ. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು, ಸ್ಥಳ, ದಿನಾಂಕ ಮತ್ತು ಬಾವಿಯ ಆಳವನ್ನು ಬರೆದಿಡಿ. ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರ ಇನ್ನೊಮ್ಮೆ ಹಿಡಿಯಿರಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ನಿಮ್ಮ ಕಾಲೇಜಿನಲ್ಲಿ ಬಂದ ಅಂಕಿಯನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ. ತಪ್ಪು ಅಂಕಿಯಿಂದ ಒಂದು ಒಳ್ಳೆಯ ಬಾವಿಗೆ ಕೆಟ್ಟ ಹೆಸರು ಬರಬಾರದು. ಕೆಟ್ಟ ಬಾವಿಗೆ ಒಳ್ಳೆಯ ಹೆಸರು ಬಂದರಂತೂ ಅನಾಹುತವೇ ಸರಿ.

ಮೂರನೆಯದು ಪರಿಹಾರ. 'ನೀರನ್ನು ಕುದಿಸಿದರಾಯಿತು' ಎಂದು ಎಷ್ಟೋ ಮಂದಿ ಹೇಳುತ್ತಾರೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ! ಪಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನವಿದೆ. ಕ್ರಿಯಾಶೀಲ ಅಲ್ಯೂಮಿನಾದ ಶೋಧಕಗಳಿವೆ. ಆದರೆ ಪಟಿಕವನ್ನು ದಿನವೂ ಅಳೆದು ಹಾಕುವವರು ಯಾರು? ಶೋಧಕವನ್ನು ಕಾಲಕಾಲಕ್ಕೆ ಶುದ್ಧಗೊಳಿಸುವವರು ಯಾರು? ಇದಕ್ಕೆ ಉತ್ತರವಿಲ್ಲದೆ ತಂದಿಟ್ಟ ಯಂತ್ರ ಕೆಲವೇ ತಿಂಗಳಲ್ಲಿ ಮೂಲೆಗುಂಪಾಗುತ್ತದೆ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದು ಸಾಕಾಗುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಒಂದು ಮನೆಯ ಚಾವಣಿ 50 ಚದರ ಮೀಟರ್, ವರ್ಷದ ಮಳೆ 600 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 30,000 ಲೀಟರ್. ಐದನೆಯ ಒಂದು ಭಾಗ ಪೋಲಾಯಿತೆಂದರೂ 24,000 ಲೀಟರ್ ಉಳಿಯಿತು. ಐದು ಮಂದಿಯ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ತಲೆಗೆ 5 ಲೀಟರಿನಂತೆ ದಿನಕ್ಕೆ 25 ಲೀಟರ್, ವರ್ಷಕ್ಕೆ 9,125 ಲೀಟರ್ ಬೇಕು. ಅಂದರೆ ಬೇಕಾದದ್ದರ ಎರಡೂವರೆ ಪಟ್ಟು ನೀರು ಚಾವಣಿಯ ಮೇಲೆಯೇ ಬೀಳುತ್ತದೆ! ಹಾಗಾದರೆ ಕೊರತೆ ಮಳೆಯದಲ್ಲ, ಅದನ್ನು ಕೂಡಿಡುವ ತೊಟ್ಟಿಯದು. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಆರು ತಿಂಗಳಿಗೆ ಸುಮಾರು 4,550 ಲೀಟರ್ ಬೇಕು. 5,000 ಲೀಟರಿನ ತೊಟ್ಟಿ ಸಾಕು. ಅದಕ್ಕೆ ಎಷ್ಟು ಖರ್ಚಾಗುತ್ತದೆ, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು ಹೇಗೆ, ಹುಲ್ಲಿನ ಚಾವಣಿಯವರಿಗೆ ಏನು ದಾರಿ, ಸತತ ಎರಡು ವರ್ಷ ಬರ ಬಂದರೆ ಗತಿಯೇನು? ನೋಡಿ, ಒಂದೊಂದು ಪ್ರಶ್ನೆಯೂ ಒಂದೊಂದು ಯೋಜನೆ! ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ತೊಟ್ಟಿ, ರಸಾಯನಶಾಸ್ತ್ರದವರಿಗೆ ನೀರು, ಅರ್ಥಶಾಸ್ತ್ರದವರಿಗೆ ಖರ್ಚು, ಸಮಾಜಶಾಸ್ತ್ರದವರಿಗೆ ಈ ನೀರು ಯಾರ ಮನೆಗೆ ಬಂತು, ಯಾರ ಮನೆಗೆ ಬರಲಿಲ್ಲ ಎಂಬ ವಿಚಾರ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳ್ಳಿಯ ಜನ ತಮ್ಮ ಕೆಲಸ ಬಿಟ್ಟು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ, ಕುಡಿಯಲು ಮಜ್ಜಿಗೆ ಕೊಡುತ್ತಾರೆ. ನೀವು ಬರೆದುಕೊಂಡು ಹೋಗುತ್ತೀರಿ. ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಮರುವರ್ಷ ಇನ್ನೊಂದು ತಂಡ ಅವೇ ಪ್ರಶ್ನೆಗಳನ್ನು ಹಿಡಿದು ಬರುತ್ತದೆ. ಮೂರನೆಯ ತಂಡಕ್ಕೆ ಯಾರೂ ಬಾಗಿಲು ತೆರೆಯದಿದ್ದರೆ ತಪ್ಪು ಯಾರದು? ಊರಿನಿಂದ ಪಡೆದ ಮಾಹಿತಿ ಊರಿನ ಸಾಲ. ಅದನ್ನು ತೀರಿಸಲೇಬೇಕು. ಫಲಿತಾಂಶವನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಿ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ವಿಷವಿರುವ ಕೊಳವೆಬಾವಿಗಳಿಗೆ ಕೆಂಪು, ಸುರಕ್ಷಿತವಾದವುಗಳಿಗೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಅದು ತಿಳಿಯಿತು. ಇಂಥ ಉಪಾಯಗಳನ್ನು ನೀವೂ ಯೋಚಿಸಿ. ಕೆಂಪು ಬಣ್ಣ ಬಳಿಯುವ ಮೊದಲು ಹಸಿರು ಬಾವಿ ಎಲ್ಲಿದೆ ಎಂದು ತೋರಿಸಲು ಸಿದ್ಧರಾಗಿರಿ. ದಾರಿ ತೋರದೆ ಭಯ ಹುಟ್ಟಿಸುವುದು ವಿಜ್ಞಾನವಲ್ಲ. ಹಾಗೆಯೇ ಹಲ್ಲು ಕಪ್ಪಾದ ಮಗುವಿನ ಹೆಸರು, ಭಾವಚಿತ್ರ ನಿಮ್ಮ ವರದಿಗೆ ಬೇಡ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯ ನೋವನ್ನು ನಾವು ಹೆಚ್ಚಿಸಬಾರದು.

ಒಂದು ವರ್ಷದಲ್ಲಿ ಇದೆಲ್ಲ ಮುಗಿಯುತ್ತದೆಯೇ ಎಂದು ನೀವು ಕೇಳಬಹುದು. ಮುಗಿಯುವುದಿಲ್ಲ. ಮುಗಿಯಬೇಕಾಗಿಯೂ ಇಲ್ಲ. ನಿಮ್ಮ ಟಿಪ್ಪಣಿ ಪುಸ್ತಕವನ್ನು ಕಿರಿಯರ ಕೈಗೆ ಒಪ್ಪಿಸಿ. ಅವೇ ಬಾವಿಗಳನ್ನು ಐದು ವರ್ಷ ಅಳೆದರೆ, ಅಂತರ್ಜಲ ಕುಸಿದಂತೆ ಫ್ಲೋರೈಡ್ ಏರುತ್ತಿದೆಯೇ ಎಂಬುದು ತಿಳಿಯುತ್ತದೆ. ಒಬ್ಬ ವಿದ್ಯಾರ್ಥಿಯಿಂದ ಆಗದ ಕೆಲಸ ಒಂದು ಕಾಲೇಜಿನಿಂದ ಆಗುತ್ತದೆ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ದೇಶ ಸುತ್ತುವ ಮೊದಲು ನಿಮ್ಮ ಕಾಲೇಜಿನ ಸುತ್ತಲಿನ ನಾಲ್ಕು ಹಳ್ಳಿಗಳನ್ನು ಸುತ್ತಿ ಬನ್ನಿ. ವಿಷಯವನ್ನು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗುವುದಿಲ್ಲ.