ಬೊಜ್ಜು ತೆಗೆಸುವ ಮುನ್ನ

ಮೈಕೈ ತುಂಬಿಕೊಂಡವರನ್ನು ಕಂಡರೆ "ಸುಖವಾಗಿದ್ದಾರೆ" ಎನ್ನುವುದು ನಮ್ಮ ಕಡೆಯ ವಾಡಿಕೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಳೆ ನೆಚ್ಚಿದ ಸೀಮೆಯಲ್ಲಿ, ಜೋಳದ ರೊಟ್ಟಿ ಉಂಡು ದಿನವೆಲ್ಲ ಹೊಲದಲ್ಲಿ ದುಡಿಯುವವರಿಗೆ ಬೊಜ್ಜು ಬೆಳೆಯಲು ಎಡೆಯಾದರೂ ಎಲ್ಲಿ? ಈಗ ಕುಳಿತು ಮಾಡುವ ಕೆಲಸ ಹೆಚ್ಚಿದೆ, ಊಟ ಕಡಿಮೆಯಾಗಿಲ್ಲ. ಬೊಜ್ಜು ಬಂದಿದೆ, ಅದರ ಬೆನ್ನಿಗೇ ಮೊಬೈಲಿನಲ್ಲಿ ಜಾಹೀರಾತೂ ಬಂದಿದೆ. ಪ್ರಜ್ಞೆ ತಪ್ಪಿಸುವುದಿಲ್ಲ, ನೋವಿಲ್ಲ, ಬೆಳಿಗ್ಗೆ ಬಂದರೆ ಸಂಜೆಗೆ ಮನೆ ಎಂಬ ಧಾಟಿಯ ಈ ಮಾತುಗಳಲ್ಲಿ ನಿಜವೆಷ್ಟು ಎಂಬುದನ್ನು ನೋಡೋಣ.

ಈ ಚಿಕಿತ್ಸೆಯ ಹೆಸರು ಲೈಪೋಸಕ್ಷನ್. ಚರ್ಮದ ಕೆಳಗಿನ ಕೊಬ್ಬನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದು ಇದರ ಕ್ರಮ. 1970ರ ದಶಕದಲ್ಲಿ ರೋಮಿನ ಜಾರ್ಜಿಯೋ ಫಿಶರ್, ಪ್ಯಾರಿಸಿನ ಇಲ್ಲೂಜ್ ಮೊದಲಾದ ವೈದ್ಯರು ಇದನ್ನು ರೂಢಿಗೆ ತಂದರು. ಆಗ ರೋಗಿಯ ಪ್ರಜ್ಞೆ ತಪ್ಪಿಸಬೇಕಾಗುತ್ತಿತ್ತು. ರಕ್ತವೂ ಬಹಳ ಹೋಗುತ್ತಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಬೇರೊಂದು ದಾರಿ ಕಂಡುಕೊಂಡರು. ಒಂದು ಲೀಟರು ಲವಣದ್ರಾವಣಕ್ಕೆ 500ರಿಂದ 1000 ಮಿಲಿಗ್ರಾಂ ಲಿಡೋಕೇನನ್ನೂ ಸುಮಾರು ಒಂದು ಮಿಲಿಗ್ರಾಂ ಅಡ್ರಿನಲಿನ್ನನ್ನೂ ಬೆರೆಸಿ, ಅದನ್ನು ಕೊಬ್ಬಿನ ಪದರದೊಳಕ್ಕೆ ನಿಧಾನವಾಗಿ ಇಳಿಸುವುದೇ ಆ ದಾರಿ. ಹಲ್ಲು ಕೀಳುವಾಗ ವಸಡಿಗೆ ಚುಚ್ಚುವ ಮದ್ದೂ ಸಾಮಾನ್ಯವಾಗಿ ಈ ಲಿಡೋಕೇನೇ. ಹೊಲದ ಮಡಿಗೆ ನೀರು ಕಟ್ಟಿದಂತೆ ಆ ಭಾಗವೆಲ್ಲ ಉಬ್ಬಿ ಬಿಗಿಯಾಗುತ್ತದೆ. ಲಿಡೋಕೇನಿನಿಂದ ನೋವು ತಿಳಿಯದು. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರಕ್ತ ಹೆಚ್ಚು ಹೋಗದು.

ರೋಗಿ ಎಚ್ಚರವಾಗಿಯೇ ಇರುತ್ತಾನೆ, ಮಾತನಾಡುತ್ತಾನೆ. ದ್ರಾವಣ ಇಳಿಸುವಾಗ ಚುಚ್ಚಿದಂತೆ, ಚಳಿಯಾದಂತೆ ಎನಿಸುವುದುಂಟು. ಕೊಳವೆ ಆಡುವಾಗ ಒಳಗೆ ಎಳೆದಂತೆ, ಒತ್ತಿದಂತೆ ಅನಿಸುತ್ತದೆ. ಗಾಯದ ರಂಧ್ರಗಳಿಂದ ಒಂದೆರಡು ದಿನ ಕೆಂಪು ಬೆರೆತ ನೀರು ಒಸರಿದರೆ ಗಾಬರಿಯಾಗಬೇಕಿಲ್ಲ. ಮೈ ಕಂದುಗಟ್ಟುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ಜೋಮು ಹಿಡಿದಂತಿರುತ್ತದೆ. ಬಿಗಿಯುಡುಪನ್ನು ಕೆಲವು ವಾರ ತೊಡಬೇಕು. ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕಾಗಬಹುದು. ಸಂಜೆಗೆ ಮನೆ ಸೇರಬಹುದು ಎಂದರೆ ಸಂಜೆಗೆ ಸಣ್ಣಗಾಗುತ್ತೇವೆ ಎಂದಲ್ಲ.

ಇನ್ನು ಅಪಾಯದ ಮಾತು. ಸ್ಥಳೀಯ ಅರಿವಳಿಕೆ ಎಂದ ಮಾತ್ರಕ್ಕೆ ಇದು ಚಿಲ್ಲರೆ ಕೆಲಸವಲ್ಲ. ಈ ಕ್ರಮದಲ್ಲಿ ದೇಹದ ತೂಕದ ಒಂದು ಕಿಲೋಗೆ 55 ಮಿಲಿಗ್ರಾಂ ಲಿಡೋಕೇನ್ ಮೀರಬಾರದೆಂದು ಚರ್ಮವೈದ್ಯರ ಮಾರ್ಗಸೂಚಿ ಹೇಳುತ್ತದೆ. ಅಂದರೆ 60 ಕಿಲೋ ತೂಗುವವರಿಗೆ 3300 ಮಿಲಿಗ್ರಾಂ. ಒಂದು ಸಲಕ್ಕೆ ಐದು ಲೀಟರಿಗಿಂತ ಹೆಚ್ಚು ಹೀರಿ ತೆಗೆಯಬಾರದೆಂಬ ಮಿತಿಯೂ ಉಂಟು. ಮದ್ದು ಮಿತಿ ಮೀರಿದರೆ ತುಟಿ ಜುಮುಗುಟ್ಟುತ್ತದೆ, ಕಿವಿಯಲ್ಲಿ ಮೊರೆತ ಕೇಳಿಸುತ್ತದೆ, ತಲೆ ತಿರುಗುತ್ತದೆ. ಮುಂದೆ ಫಿಟ್ಸೂ ಬರಬಹುದು, ಹೃದಯದ ಬಡಿತವೂ ಕೆಡಬಹುದು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಕ್ತದಲ್ಲಿ ಈ ಮದ್ದಿನ ಪ್ರಮಾಣ ಶಿಖರ ಮುಟ್ಟುವುದು ಚಿಕಿತ್ಸೆ ನಡೆಯುವಾಗಲ್ಲ. ಸುಮಾರು 12 ಗಂಟೆಗಳ ನಂತರ.

ನಮ್ಮ ಕಡೆಯವರು ಯೋಚಿಸಬೇಕಾದುದು ಇಲ್ಲಿಯೇ. ಇಂಥ ಚಿಕಿತ್ಸೆಗೆ ನಾವು ಸಾಮಾನ್ಯವಾಗಿ ದೊಡ್ಡ ಊರಿಗೇ ಹೋಗಬೇಕು. ಮಧ್ಯಾಹ್ನ ಬೆಂಗಳೂರಿನಲ್ಲಿ ಮುಗಿಸಿ ರಾತ್ರಿ ಬಸ್ಸು ಹತ್ತಿದರೆ, ಮದ್ದು ರಕ್ತದಲ್ಲಿ ಏರುವ ಹೊತ್ತಿಗೆ ನಾವು ಚಿತ್ರದುರ್ಗದ ಆಸುಪಾಸಿನ ಹೆದ್ದಾರಿಯಲ್ಲಿ ನಿದ್ದೆಯಲ್ಲಿರುತ್ತೇವೆ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕುಳಿತರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಆದುದರಿಂದ ಆ ರಾತ್ರಿ ಆಸ್ಪತ್ರೆಯ ಹತ್ತಿರವೇ, ಮನೆಯವರೊಬ್ಬರ ಜೊತೆ ತಂಗಬೇಕು. ಯಾವಾಗ ಪ್ರಯಾಣ ಮಾಡಬಹುದೆಂದು ವೈದ್ಯರನ್ನೇ ಕೇಳಬೇಕು. ಊರಿಗೆ ಬಂದ ಮೇಲೆ ಉಸಿರು ಕಟ್ಟಿದರೆ, ಎದೆ ನೋವಾದರೆ, ಒಂದೇ ಕಾಲು ಊದಿದರೆ, ಜ್ವರ ಬಂದು ಗಾಯ ಕೆಂಪೇರಿದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಇಲ್ಲವೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮಾಡಿಸಿಕೊಂಡ ಚಿಕಿತ್ಸೆಯನ್ನು ಸಂಕೋಚದಿಂದ ಮುಚ್ಚಿಡಬೇಡಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದನ್ನು ನಾಡೆಲ್ಲ ಕೇಳಿತು. ಮನೆಯವರಿಗೆ ಹೇಳದೆ ಇಂಥ ಕೆಲಸಕ್ಕೆ ಹೊರಡಬಾರದು. ಅರಿವಳಿಕೆ ಯಾವುದೇ ಇರಲಿ, ಇದು ಶಸ್ತ್ರಚಿಕಿತ್ಸೆಯೇ.

ಹಾಗಾದರೆ ಇದರಿಂದ ಫಲವೇನು? ವ್ಯಾಯಾಮಕ್ಕೂ ಪಥ್ಯಕ್ಕೂ ಜಗ್ಗದ, ಒಂದೇ ಕಡೆ ನಿಂತ ಕೊಬ್ಬನ್ನು ತೆಗೆದು ಆಕಾರ ತಿದ್ದಬಹುದು. ಇದು ತೂಕ ಇಳಿಸುವ ಉಪಾಯವಲ್ಲ. ಸಕ್ಕರೆ ಕಾಯಿಲೆಗೆ ಮದ್ದೂ ಅಲ್ಲ. 2004ರಲ್ಲಿ ಅಮೆರಿಕದಲ್ಲಿ 15 ಮಂದಿ ಸ್ಥೂಲಕಾಯದ ಮಹಿಳೆಯರಿಂದ ಸುಮಾರು ಹತ್ತು ಕಿಲೋ ಕೊಬ್ಬು ತೆಗೆದು ನೋಡಿದರು. ರಕ್ತದೊತ್ತಡವಾಗಲಿ, ಇನ್ಸುಲಿನ್ನಿನ ಕೆಲಸವಾಗಲಿ ಸುಧಾರಿಸಲಿಲ್ಲ. ಕರುಳಿನ ಸುತ್ತ ಕುಳಿತ ಕೊಬ್ಬನ್ನು ಈ ಕೊಳವೆ ಮುಟ್ಟುವುದೂ ಇಲ್ಲ. ಅದನ್ನು ಇಳಿಸಲು ನಡಿಗೆ, ದುಡಿಮೆ, ಹಿತಮಿತದ ಊಟವೇ ಬೇಕು.

ಇಷ್ಟೆಲ್ಲ ತಿಳಿದ ಮೇಲೂ ಮಾಡಿಸಿಕೊಳ್ಳುವ ಮನಸ್ಸಿದ್ದರೆ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಮಾಡುವವರು ಇದರಲ್ಲಿ ತರಬೇತಾದ ನೋಂದಾಯಿತ ವೈದ್ಯರೇ? ಆಸ್ಪತ್ರೆಗೆ ಸರ್ಕಾರದ ನೋಂದಣಿ ಇದೆಯೇ? ನನ್ನ ತೂಕಕ್ಕೆ ಎಷ್ಟು ಮದ್ದು ಹಾಕುತ್ತೀರಿ? ತೊಂದರೆಯಾದರೆ ತುರ್ತು ಚಿಕಿತ್ಸೆಯ ಏರ್ಪಾಡೇನು? ನೀವು ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಅವರಿಗೆ ತೋರಿಸಿ. ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ, ಕೆಲವು ಮಾತ್ರೆಗಳು ಲಿಡೋಕೇನ್ ಕರಗದಂತೆ ತಡೆಯುತ್ತವೆ. ಹಾಗೆಂದು ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಡುವ ವೈದ್ಯರು ಸಿಕ್ಕರೆ ಮುಂದಿನ ಮಾತು. ಸಿಗದಿದ್ದರೆ ಊರಿಗೆ ಹಿಂದಿರುಗುವುದೇ ಲೇಸು.