ತಂಡ ಬದಲಿಸಿದವನು ದ್ರೋಹಿಯೇ?

(ಪುಣೆ ಕ್ಯಾಂಪಿನಲ್ಲಿ ಸೇರಿದ್ದ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಹೋಟೆಲ್ ಕೆಲಸಗಾರರೊಬ್ಬರು ಮಾಡಿದ ಭಾಷಣ)



ಗಲ್ಲಾದ ಮುಂದೆ ಕುಳಿತು ಚಿಲ್ಲರೆ ಎಣಿಸುವವನಿಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೂ ಅಧ್ಯಕ್ಷರು ಬಿಡಲಿಲ್ಲ. "ಹೋದ ತಿಂಗಳು ಚಹಾ ಕುಡಿಯುವಾಗ ಫುಟ್ಬಾಲಿನ ವಿಷಯದಲ್ಲಿ ಅಷ್ಟು ಜಗಳವಾಡಿದೆಯಲ್ಲ, ಅದನ್ನೇ ಇಲ್ಲಿ ಎದ್ದು ನಿಂತು ಹೇಳು" ಎಂದರು. ಆ ಜಗಳ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಂಗಳೂರಿನ ತಂಡ ಬಿಟ್ಟು ಬೇರೆ ತಂಡಕ್ಕೆ ಹೋದ ಆಟಗಾರನೊಬ್ಬನನ್ನು ನಮ್ಮ ಗೆಳೆಯರೊಬ್ಬರು "ದ್ರೋಹಿ" ಎಂದರು. ನಾನು "ಹಾಗಾದರೆ ನೀವೂ ದ್ರೋಹಿ, ನಾನೂ ದ್ರೋಹಿ" ಎಂದೆ. ಮಾತು ಬೆಳೆಯಿತು, ಚಹಾ ಆರಿತು. ಅಂದು ಅರ್ಧಕ್ಕೆ ನಿಂತ ಮಾತನ್ನು ಇಂದು ಪೂರ್ತಿ ಮಾಡುತ್ತೇನೆ.

ಕುಂದಾಪುರದ ಕಡೆಯ ನನಗೆ ಈ ಆಟದ ಹುಚ್ಚು ಹೇಗೆ ಹಿಡಿಯಿತು ಎಂದು ನೀವು ಕೇಳಬಹುದು. ಪುಣೆಗೆ ಬರುವ ಮೊದಲು, ಮೀಸೆ ಮೂಡದ ವಯಸ್ಸಿನಲ್ಲಿ, ಬೆಂಗಳೂರಿನ ಶಿವಾಜಿನಗರದ ಒಂದು ಹೋಟೆಲಿನಲ್ಲಿ ನಾನು ಕಪ್ಪು ಬಸಿ ತೊಳೆಯುತ್ತಿದ್ದೆ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಎರಡು ಗಂಟೆ ಬಿಡುವು. ಉಳಿದವರು ಮಲಗುತ್ತಿದ್ದರು, ನಾನು ಅಶೋಕನಗರದ ಫುಟ್ಬಾಲ್ ಮೈದಾನಕ್ಕೆ ಓಡುತ್ತಿದ್ದೆ. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳು ಅಲ್ಲಿ ಆಡುತ್ತಿದ್ದವು. ಬೆಳಿಗ್ಗೆ ಕಾರ್ಖಾನೆಯಲ್ಲಿ ಹಾಜರಿ ಹಾಕಿದವನೇ ಸಂಜೆ ಮೈದಾನದಲ್ಲಿ ಚೆಂಡು ಒದೆಯುತ್ತಿದ್ದ. ಚೆನ್ನಾಗಿ ಆಡಿದವನಿಗೆ ಕಾಯಂ ನೌಕರಿ. ಕಾಲು ಮುರಿದರೂ ಸಂಬಳ ನಿಲ್ಲದು, ವಯಸ್ಸಾದ ಮೇಲೆ ನಿವೃತ್ತಿಯ ಹಣವೂ ಉಂಟು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಆ ಮೈದಾನದ ಮೆಟ್ಟಿಲ ಮೇಲೆ ಕುಳಿತ ಹಿರಿಯರ ಬಾಯಲ್ಲಿ ನಾನು ಹಳೆಯ ಕಥೆಗಳನ್ನು ಕೇಳಿದೆ. ಮುಂಬಯಿಯ ರೋವರ್ಸ್ ಕಪ್ಪನ್ನು ಬಹುಕಾಲ ಗೋರಾ ಪಲ್ಟನ್ನಿನ ತಂಡಗಳೇ ಗೆಲ್ಲುತ್ತಿದ್ದವಂತೆ. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತ ಒಂದಕ್ಕೆ ಎರಡು ಗೋಲಿನಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಪಂದ್ಯವದು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಬಂಗಾಲಿಗಳು ತಮ್ಮ ಮುಂಚೂಣಿಯ ಐವರನ್ನು "ಪಂಚಪಾಂಡವರು" ಎಂದು ಕರೆದರು. ಅವರಲ್ಲಿ ಅಹಮದ್ ಖಾನರೂ ಒಬ್ಬರು.

ಈಗ ನನ್ನ ಗೆಳೆಯರನ್ನು ಕೇಳುತ್ತೇನೆ. ಅಹಮದ್ ಖಾನರು ಊರು ಬಿಟ್ಟು ಹೋದರೆಂದು ಬೆಂಗಳೂರಿನವರು ಅವರನ್ನು ದ್ರೋಹಿ ಎಂದರೇ? ನನಗೆ ಕಥೆ ಹೇಳಿದ ಆ ಹಿರಿಯರು ಎಂದೂ ಹಾಗೆನ್ನಲಿಲ್ಲ. "ನಮ್ಮ ಹುಡುಗ ಕಲ್ಕತ್ತೆಯನ್ನೇ ಗೆದ್ದ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ನಮ್ಮೂರಿನಲ್ಲಿಯೂ ಹಾಗೆಯೇ ಅಲ್ಲವೇ? ಪುಣೆಗೆ ಹೋದ ಮಗನ ಮನಿಯಾರ್ಡರು ಬಂದ ದಿನ ತಾಯಿ ಅವನನ್ನು ಓಡಿಹೋದವನೆಂದು ಬೈದದ್ದುಂಟೇ?

ಇನ್ನು ನಾನು ಮೆಚ್ಚುವ ತಂಡದ ವಿಷಯ. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಹುಟ್ಟಿದ ಸಾಲಿನಲ್ಲಿಯೇ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೊಮ್ಮೆ ಗೆದ್ದಿತು. ಆಗಿನ ತರಬೇತುದಾರ ಆಶ್ಲಿ ವೆಸ್ಟ್‌ವುಡ್. ಅನಂತರ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. 2016ರಲ್ಲಿ ತಂಡವು ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ಅಲ್ಲಿಯವರೆಗೆ ಹೋದ ಮೊದಲ ಭಾರತೀಯ ತಂಡ ನಮ್ಮದೇ. ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತೆವು. ಅದು ಅವಮಾನದ ಸೋಲಲ್ಲ.

ರೋಕಾರ ಸಹಾಯಕರಾಗಿದ್ದ ಕಾರ್ಲೆಸ್ ಕುವಾದ್ರತ್ 2018ರಲ್ಲಿ ಮುಖ್ಯ ತರಬೇತುದಾರರಾದರು. ಆ ವರ್ಷದ ಮಾರ್ಚ್ 17ರಂದು ನಮ್ಮ ಕಂಠೀರವದಲ್ಲಿಯೇ ಚೆನ್ನೈ ತಂಡವು ಐ.ಎಸ್.ಎಲ್. ಕಿರೀಟವನ್ನು ನಮ್ಮಿಂದ ಕಸಿದುಕೊಂಡಿತ್ತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವೆಯನ್ನು ಸೋಲಿಸಿ ಕುವಾದ್ರತ್ ಅದನ್ನು ತಂದುಕೊಟ್ಟರು. 117ನೇ ನಿಮಿಷದಲ್ಲಿ ಮೂಲೆಯ ಒದೆತಕ್ಕೆ ತಲೆಕೊಟ್ಟು ಗೋಲು ಹೊಡೆದವರು ಮುಂಬಯಿಯ ಹುಡುಗ ರಾಹುಲ್ ಭೇಕೆ. ಅಂದು ನಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಎಷ್ಟು ಗದ್ದಲವಾಯಿತೆಂದರೆ, ಭಟ್ಟಿಯ ಮೇಲಿದ್ದ ಹಾಲು ಉಕ್ಕಿದ್ದು ಯಾರಿಗೂ ತಿಳಿಯಲಿಲ್ಲ.

ಅಂಥ ಕುವಾದ್ರತ್‌ರನ್ನು 2021ರ ಜನವರಿಯಲ್ಲಿ, ಸಾಲಾಗಿ ಕೆಲವು ಪಂದ್ಯ ಸೋತರೆಂದು ಕಳುಹಿಸಿಬಿಟ್ಟರು. ಇದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ನಾಲ್ಕು ದಿನ ವ್ಯಾಪಾರ ಕಡಿಮೆಯಾಯಿತೆಂದು ಅಡಿಗೆಯ ಭಟ್ಟರನ್ನು ಕಳಿಸುವ ಹೋಟೆಲು ಉದ್ಧಾರವಾದದ್ದನ್ನು ನಾನು ಕಂಡಿಲ್ಲ. ಅದೇ ಕುವಾದ್ರತ್ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲಿಗೆ ಸೂಪರ್ ಕಪ್ ಗೆದ್ದುಕೊಟ್ಟರು. ನಮ್ಮಲ್ಲಿ ಅವರ ನಂತರ ಪೆಜ್ಜಾಯುಒಲಿ ಬಂದರು, ಗ್ರೇಸನ್ ಬಂದರು, ಸರಗೋಸಾ ಬಂದರು. ಗ್ರೇಸನ್ 2022ರಲ್ಲಿ ಡ್ಯೂರಾಂಡ್ ಕಪ್ ಗೆದ್ದರು, ಮುಂದಿನ ವರ್ಷವೇ ಮನೆಗೆ ಹೋದರು. ಸರಗೋಸಾ 2025ರ ಏಪ್ರಿಲಿನಲ್ಲಿ ಅಂತಿಮ ಪಂದ್ಯದವರೆಗೆ ಒಯ್ದರು, ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಸೋತೆವು. ತರಬೇತುದಾರನಿಗೆ ಎರಡು ಮಳೆಗಾಲವಾದರೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಸೋತಾಗ ತಪ್ಪು ಅವನದು, ಗೆದ್ದಾಗ ಕೀರ್ತಿ ಧಣಿಯದು ಎಂಬ ಲೆಕ್ಕ ಎಲ್ಲಿಯೂ ಸಲ್ಲದು.

ಆಟಗಾರರಲ್ಲಿ ಸುನಿಲ್ ಛೇತ್ರಿಯವರ ಮಾತು ಬೇರೆ. ಹುಟ್ಟಿದ್ದು ಸಿಕಂದರಾಬಾದು, ಮನೆಮಾತು ಕನ್ನಡವಲ್ಲ. ಆದರೆ 2013ರಿಂದ ಬೆಂಗಳೂರಿಗೆ ದುಡಿದಿದ್ದಾರೆ. ನಲವತ್ತು ತುಂಬಿದ ಮೇಲೂ 2024–25ರ ಸಾಲಿನಲ್ಲಿ 14 ಗೋಲು ಹೊಡೆದರು. ಇಂಥವರನ್ನು ಹೊರಗಿನವರು ಎನ್ನುವ ಬಾಯಿ ನಮಗಿರಕೂಡದು. ಪುಣೆಯ ಅನ್ನ ಉಣ್ಣುವ ನಾವೂ ಇಲ್ಲಿಗೆ ಹೊರಗಿನಿಂದಲೇ ಬಂದವರು.

ಪುಣೆಯೆಂದಾಗ ನನ್ನ ಧರ್ಮಸಂಕಟವನ್ನು ಹೇಳಲೇಬೇಕು. 2018ರ ಮಾರ್ಚ್ 7ರಂದು ಬಾಲೇವಾಡಿಯ ಮೈದಾನದಲ್ಲಿ ಎಫ್.ಸಿ. ಪುಣೆ ಸಿಟಿಗೂ ಬೆಂಗಳೂರಿಗೂ ಉಪಾಂತ್ಯದ ಮೊದಲ ಪಂದ್ಯ. ರಜೆ ಕೇಳಿಕೊಂಡು, ನಮ್ಮ ಹೋಟೆಲಿನ ಮರಾಠಿ ಹುಡುಗನೊಬ್ಬನ ಜೊತೆ ಕ್ಯಾಂಪಿನಿಂದ ಬಸ್ಸು ಹತ್ತಿದೆ. ದಾರಿಯಲ್ಲಿ ಅವನು ಕೇಳಿದ: "ಅಣ್ಣಾ, ನೀನು ಯಾರ ಕಡೆ?" ನಾನು "ಊರು ಬೆಂಗಳೂರಿನ ಕಡೆ, ಹೊಟ್ಟೆ ಪುಣೆಯ ಕಡೆ" ಎಂದೆ. ದೇವರು ದೊಡ್ಡವನು, ಪಂದ್ಯ ಯಾರಿಗೂ ಗೋಲಿಲ್ಲದೆ ಮುಗಿಯಿತು. ಇಬ್ಬರೂ ಸಮಾಧಾನದಿಂದ ಮನೆಗೆ ಬಂದೆವು. ನಾಲ್ಕು ದಿನಗಳ ಮೇಲೆ ಕಂಠೀರವದಲ್ಲಿ ಛೇತ್ರಿ ಮೂರು ಗೋಲು ಹೊಡೆದರು, ಬೆಂಗಳೂರು ಮೂರಕ್ಕೆ ಒಂದರಿಂದ ಗೆದ್ದಿತು. ಆ ಹುಡುಗ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಮರುವರ್ಷ ಪುಣೆ ತಂಡದ ಆಷಿಕ್ ಕುರುಣಿಯನ್ ಬೆಂಗಳೂರಿಗೆ ಬಂದರು. ಮಲಪ್ಪುರದ ಈ ಹುಡುಗ ಬೆಳೆದದ್ದು ಪುಣೆಯ ತರಬೇತಿ ಶಾಲೆಯಲ್ಲಿ. ನಮ್ಮ ಮರಾಠಿ ಹುಡುಗ "ಗದ್ದಾರ್" ಎಂದು ಬೈದ. ನಾನು ಸುಮ್ಮನಿದ್ದೆ, ಲಾಭ ನನ್ನದಾಗಿತ್ತು ನೋಡಿ. 2022ರಲ್ಲಿ ಆಷಿಕ್ ಬೆಂಗಳೂರು ಬಿಟ್ಟು ಕಲ್ಕತ್ತೆಗೆ ಹೋದಾಗ ಬೈಯುವ ಸರದಿ ನಮ್ಮವರದಾಯಿತು. ಮುಂಬಯಿಯ ಭೇಕೆ 2021ರಲ್ಲಿ ಮುಂಬಯಿ ತಂಡಕ್ಕೆ ಹೋದರು, 2024ರಲ್ಲಿ ತಿರುಗಿ ಬೆಂಗಳೂರಿಗೆ ಬಂದರು. ಹೋದಾಗ ದ್ರೋಹಿ, ಬಂದಾಗ ಅಳಿಯದೇವರೇ? ನಮ್ಮ ನಾಲಿಗೆಗೆ ಒಂದು ನಿಯಮ ಬೇಡವೇ?

ಆಷಿಕ್ ಹೋದ ವರ್ಷವೇ, ಅಂದರೆ 2019ರಲ್ಲಿ, ಎಫ್.ಸಿ. ಪುಣೆ ಸಿಟಿಯೇ ಮುಚ್ಚಿತು. ಐ.ಎಸ್.ಎಲ್.ನಲ್ಲಿ ಅದರ ಜಾಗ ಹೈದರಾಬಾದಿನ ಹೊಸ ತಂಡಕ್ಕೆ ಹೋಯಿತು. ಇದು ಮೊದಲನೆಯದಲ್ಲ. 2007ರಲ್ಲಿ ಹುಟ್ಟಿ, 2012–13ರ ಐ-ಲೀಗಿನಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಪುಣೆ ಎಫ್.ಸಿ. 2015ರಲ್ಲಿ ನಿಂತಿತ್ತು. ಡಿ.ಎಸ್.ಕೆ. ಶಿವಾಜಿಯನ್ಸ್ 2017ರಲ್ಲಿ ಐ-ಲೀಗಿನಿಂದ ಹೊರಬಿದ್ದಿತ್ತು. ನಾಲ್ಕು ವರ್ಷಗಳಲ್ಲಿ ಒಂದೇ ಊರಿನಲ್ಲಿ ಮೂರು ತಂಡಗಳು! ಆ ಮರಾಠಿ ಹುಡುಗನಿಗೆ ನಾನು ಹೇಳಿದೆ: "ತಮ್ಮಾ, ಆಷಿಕ್ ನಿನ್ನ ತಂಡ ಬಿಟ್ಟ ಎಂದು ಅತ್ತೆ. ನಿನ್ನ ತಂಡವೇ ನಿನ್ನನ್ನು ಬಿಟ್ಟುಹೋಯಿತಲ್ಲೋ." ಅವನು ಏನೂ ಹೇಳಲಿಲ್ಲ. ಕಿತ್ತಳೆ ಬಣ್ಣದ ಆ ಅಂಗಿಯನ್ನು ಈಗಲೂ ಮಡಿಸಿ ಟ್ರಂಕಿನಲ್ಲಿಟ್ಟಿದ್ದಾನೆ.

ಈ ನೋವು ನನಗೆ ಹೊಸದಲ್ಲ. ಹಿಂದೆ ನಾನಿದ್ದ ಒಂದು ಹೋಟೆಲು, ಹೆಸರು ಬೇಡ, ರಾತ್ರಿ ಬೆಳಗಾಗುವುದರೊಳಗೆ ಬಾಗಿಲು ಹಾಕಿತು. ಬೆಳಿಗ್ಗೆ ಐದಕ್ಕೆ ಹೋದರೆ ಬೀಗ. ಒಳಗೆ ನಮ್ಮ ಹಾಸಿಗೆ, ಬಟ್ಟೆ, ಎರಡು ತಿಂಗಳ ಬಾಕಿ. ಅದಕ್ಕೆ ಆರು ತಿಂಗಳ ಮೊದಲು ಹೆಚ್ಚು ಸಂಬಳಕ್ಕೆಂದು ಬೇರೆ ಕಡೆ ಹೋಗಿದ್ದ ಸಪ್ಲೈಯರ್ ಒಬ್ಬನನ್ನು ನಾವೆಲ್ಲ "ಉಂಡ ಮನೆಗೆ ಎರಡು ಬಗೆದವ" ಎಂದು ಆಡಿಕೊಂಡಿದ್ದೆವು. ಬೀಗದ ಮುಂದೆ ನಿಂತಾಗ ನನಗೆ ಅವನದೇ ನೆನಪು. ನಮ್ಮನ್ನು ತನ್ನ ಖೋಲಿಯಲ್ಲಿ ಹದಿನೈದು ದಿನ ಇಟ್ಟುಕೊಂಡವನೂ ಅವನೇ.

ಇಂಥ ಬೀಗ ದೊಡ್ಡ ಆಟಗಾರರಿಗೂ ತಪ್ಪಿದ್ದಲ್ಲ. 2025ರಲ್ಲಿ ಫುಟ್ಬಾಲ್ ಫೆಡರೇಷನ್ನಿಗೂ ಐ.ಎಸ್.ಎಲ್. ನಡೆಸುವ ಕಂಪನಿಗೂ ನಡುವಣ ಕರಾರು ಮುಗಿಯಲು ಬಂದಿತ್ತು. ಮುಂದಿನ ಸಾಲಿನ ಆಟ ನಡೆಯುವುದೋ ಇಲ್ಲವೋ ಯಾರಿಗೂ ತಿಳಿಯದಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಛೇತ್ರಿಯಂಥವರು ಹೇಗೋ ತಡೆದುಕೊಂಡಾರು. ಆದರೆ ಸಿಬ್ಬಂದಿ ಎಂದರೆ ಯಾರು? ಅಂಗಿ ಒಗೆಯುವವನು, ಕಾಲು ಉಜ್ಜುವವನು, ಸಾಮಾನು ಹೊರುವವನು. ಅಂದರೆ ನಾವು.

ಧಣಿಗಳಿಗೂ ಕಷ್ಟವಿದೆ, ಒಪ್ಪುತ್ತೇನೆ. ಪಂದ್ಯವಿಲ್ಲದಿದ್ದರೆ ಟಿಕೀಟಿನ ಹಣವಿಲ್ಲ, ಜಾಹೀರಾತಿನ ಹಣವಿಲ್ಲ. ಎಳೆಯರ ತಂಡಗಳನ್ನು ನಿಲ್ಲಿಸುವುದಿಲ್ಲ ಎಂದು ಅವರು ಹೇಳಿದ್ದನ್ನೂ ಮರೆಯಬಾರದು. ಆದರೆ ದೊಡ್ಡವರಿಬ್ಬರ ಕರಾರು ಮುರಿದರೆ ಮೊದಲು ಆರುವುದು ಸಣ್ಣವನ ಒಲೆಯೇ ಏಕೆ? ಕಾರ್ಖಾನೆಯ ಹಳೆಯ ಆಟಗಾರನಿಗೆ ಈ ಭಯವಿರಲಿಲ್ಲ. ಇಂದಿನವನಿಗೆ ಹಣ ಹೆಚ್ಚು ಬರಬಹುದು, ಆದರೆ ಅವನು ಕರಾರಿನ ಕೂಲಿ. ಮೊಣಕಾಲು ಕೆಟ್ಟ ದಿನ ಅವನ ಅಂಗಡಿ ಬಂದ್. ಗಿರಣಿಯ ಸೋದರರು ಬದಲಿ ಕೆಲಸಗಾರರಾಗಿ ಬಾಗಿಲಲ್ಲಿ ಕಾದು ಕುಳಿತದ್ದನ್ನು ನೆನೆಯಲಿ. ಮೈದಾನದ ಅಂಚಿನ ಬೆಂಚಿನಲ್ಲಿ ಕುಳಿತವನನ್ನೂ ಬದಲಿ ಆಟಗಾರ ಎಂದೇ ಕರೆಯುತ್ತಾರೆ. ಅವನು ಬೇರೆ ತಂಡ ಹುಡುಕಿದರೆ ತಪ್ಪೇನು?

ಕೊನೆಯದಾಗಿ ಒಂದು ಮಾತು. ಹಿತ್ತಲ ಗಿಡ ಮದ್ದಲ್ಲ ಎಂಬ ರೋಗ ದೊಡ್ಡ ತಂಡಗಳಿಗೂ ಇದೆ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯ ಸಲ 1968–69ರಲ್ಲಿ. ಆಮೇಲೆ 54 ವರ್ಷ ಕಾದೆವು. 2023ರ ಮಾರ್ಚಿನಲ್ಲಿ ದೂರದ ರಿಯಾಧಿನಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ ಕರ್ನಾಟಕದ ಹುಡುಗರು ಆ ಕಪ್ಪನ್ನು ಮತ್ತೆ ತಂದರು. ದೊಡ್ಡ ಹೆಸರಿನವರು ಆ ತಂಡದಲ್ಲಿರಲಿಲ್ಲ. ಇಂಥ ಹುಡುಗರಿಗೆ ದೊಡ್ಡ ತಂಡಗಳಲ್ಲಿ ಇನ್ನಷ್ಟು ಜಾಗ ಸಿಗಬೇಕು. ಊರಿನ ಹುಡುಗರು ಆಡುವ ತಂಡಕ್ಕೆ ಊರೇ ಬೇರಾಗುತ್ತದೆ, ಅಂಥದನ್ನು ಮುಚ್ಚಲು ಧಣಿಯೂ ಎರಡು ಸಲ ಯೋಚಿಸುತ್ತಾನೆ.

ಆದುದರಿಂದ ನನ್ನ ಅರಿಕೆ ಇಷ್ಟೇ. ಆಟಗಾರ ಕೆಟ್ಟದಾಗಿ ಆಡಿದರೆ ಬೈಯೋಣ, ಅದು ಟಿಕೀಟು ಕೊಂಡವನ ಹಕ್ಕು. ಆದರೆ ಹೊಟ್ಟೆಪಾಡಿಗೆ ತಂಡ ಬದಲಿಸಿದವನನ್ನು ದ್ರೋಹಿ ಎನ್ನದಿರೋಣ. ಸಂಬಳ ಏಕೆ ನಿಂತಿತು, ಬಾಗಿಲು ಏಕೆ ಮುಚ್ಚಿತು ಎಂದು ಮೇಲೆ ಕುಳಿತವರನ್ನು ಕೇಳುವುದನ್ನು ಕಲಿಯೋಣ. ನಮ್ಮ ಮಕ್ಕಳು ಭಾನುವಾರ ಆಡಲು ಸಂಘದ ಹಣದಿಂದ ಎರಡು ಒಳ್ಳೆಯ ಚೆಂಡು ಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಬೇಡುತ್ತೇನೆ. ಮೊದಲ ಐವತ್ತು ರೂಪಾಯಿ ನನ್ನದು, ಇಗೋ ಮೇಜಿನ ಮೇಲಿಟ್ಟಿದ್ದೇನೆ.

ಹೋದ ತಿಂಗಳು ನನ್ನೊಡನೆ ಜಗಳವಾಡಿದ ಗೆಳೆಯರು ಅಲ್ಲಿ ಹಿಂದಿನ ಸಾಲಿನಲ್ಲಿ ನಗುತ್ತ ಕುಳಿತಿದ್ದಾರೆ. ಅಂದಿನ ಚಹಾ ಆರಿತ್ತು. ಇಂದು ಬಿಸಿ ಇರುವಾಗಲೇ ಇಬ್ಬರೂ ಕುಡಿಯೋಣ.